ನಾಲ್ಕು ಮನೆಯ ಬೆಕ್ಕು, ಒಂದು ಕೆಟ್ಟ ಹೊಟ್ಟೆ

ಬೆಂಗಳೂರಿನ ಗೋವಿಂದರಾಜನಗರದ ಅಡ್ಡರಸ್ತೆಗಳಲ್ಲಿ ಬೆಕ್ಕುಗಳ ಓಡಾಟವೆಲ್ಲ ಕಾಂಪೌಂಡ್ ಗೋಡೆಗಳ ಮೇಲೆ. ಹಾಲಿನ ಪ್ಯಾಕೆಟ್ ತರಲು ಯಾರೋ ಗೇಟು ತೆಗೆಯುವ ಹೊತ್ತಿಗೆ ಬೂದುಬಣ್ಣದ ಬೆಕ್ಕೊಂದು ಸಜ್ಜದಿಂದ ಗೋಡೆಗೆ, ಗೋಡೆಯಿಂದ ಸ್ಕೂಟರ್ ಸೀಟಿಗೆ ಇಳಿದು ಕಾಯುತ್ತಿರುತ್ತದೆ. ಆ ಮನೆಯಲ್ಲಿ ಅದರ ಹೆಸರು ಚಿನ್ನು, ಅಲ್ಲಿ ಸಿಗುವುದು ಹಾಲು. ಪಕ್ಕದ ಕಟ್ಟಡದ ಮೊದಲ ಮಹಡಿಯಲ್ಲಿ ಅದು ಮಿಯಾ, ಅಲ್ಲಿ ಪ್ಯಾಕೆಟ್ಟಿನ ಕ್ಯಾಟ್ ಫುಡ್. ಎದುರುಮನೆಯ ಅಜ್ಜಿಗೆ ಅದು ಬರೀ 'ಪುಟ್ಟಿ', ಮಧ್ಯಾಹ್ನದ ಮೊಸರನ್ನದಲ್ಲಿ ಅದಕ್ಕೊಂದು ತುತ್ತು. ಭಾನುವಾರ ಮುಖ್ಯರಸ್ತೆಯ ಕೋಳಿ ಅಂಗಡಿಯ ಮುಂದೆ ಅದಕ್ಕೆ ಹೆಸರೇ ಇಲ್ಲ, ಆದರೆ ಚರ್ಮ, ಕರುಳು ಧಾರಾಳ.

ಸೋಮವಾರ ಬೆಳಿಗ್ಗೆ ತಾರಸಿಯ ಮೇಲೆ, ತುಳಸಿ ಕುಂಡದ ಪಕ್ಕ, ನೀರು ನೀರಾದ ಮಲ. 'ಪಾಪ, ಎಲ್ಲೋ ಏನೋ ತಿಂದಿರಬೇಕು' ಎನ್ನುತ್ತದೆ ಮೊದಲ ಮನೆ. ಔಷಧಿ ಅಂಗಡಿಯಲ್ಲಿ ಕೇಳಿ ತಂದ ಮಾತ್ರೆ ಎರಡು ದಿನ. ಬೆಕ್ಕು ಚೇತರಿಸಿಕೊಳ್ಳುತ್ತದೆ. ಮೂರು ವಾರಕ್ಕೆ ಮತ್ತದೇ ಕಥೆ.

ಬೆಕ್ಕು ಸಾಕಿದ ಎಷ್ಟೋ ಮನೆಗಳಿಗೆ ಈ ಚಕ್ರ ಗೊತ್ತು: ಹೊಟ್ಟೆ ಕೆಡುತ್ತದೆ, ಮದ್ದು ಬೀಳುತ್ತದೆ, ಸರಿಹೋಗುತ್ತದೆ, ಮತ್ತೆ ಕೆಡುತ್ತದೆ. ಪ್ರತಿ ಸಲವೂ ಮದ್ದು ಸಿಗುತ್ತದೆ, ಕಾರಣ ಮಾತ್ರ ಸಿಕ್ಕಿರುವುದಿಲ್ಲ. ಪಶುವೈದ್ಯರು ಕಾರಣ ಹುಡುಕುವ ಕ್ರಮ ಪತ್ತೇದಾರಿಕೆಗೆ ಬಹಳ ಹತ್ತಿರದ್ದು. ಅದರ ಅರ್ಧಕ್ಕೂ ಹೆಚ್ಚು ಕೆಲಸ ನಡೆಯಬೇಕಾದದ್ದು ಮನೆಯಲ್ಲಿ, ಬೀದಿಯಲ್ಲಿ.

ತೆನಾಲಿ ರಾಮನ ಬೆಕ್ಕು ತಪ್ಪೇನೂ ಮಾಡಲಿಲ್ಲ

ವಿಜಯನಗರದ ಕೃಷ್ಣದೇವರಾಯ ಮನೆಗೊಂದು ಬೆಕ್ಕು, ಅದಕ್ಕೆ ಹಾಲುಣಿಸಲು ಒಂದು ಹಸು ಕೊಟ್ಟ ಕಥೆ ಕೇಳದ ಕನ್ನಡದ ಮಕ್ಕಳು ಕಡಿಮೆ. ತೆನಾಲಿ ರಾಮ ಬೆಕ್ಕಿನ ಮುಂದೆ ಕುದಿಯುವ ಹಾಲಿಟ್ಟ, ಮೂತಿ ಸುಟ್ಟುಕೊಂಡ ಬೆಕ್ಕು ಆಮೇಲೆ ಹಾಲು ಕಂಡರೆ ಓಟ ಕೀಳುತ್ತಿತ್ತು. ಕಥೆಯಲ್ಲಿ ಆ ಬೆಕ್ಕು ಸೊರಗಿ ಕಡ್ಡಿಯಾಗುತ್ತದೆ. ವೈದ್ಯರನ್ನು ಕೇಳಿದರೆ, ಹಾಲು ಬಿಟ್ಟಿದ್ದಕ್ಕೆ ಸೊರಗುವ ಕಾರಣವಿಲ್ಲ, ಹೊಟ್ಟೆ ಸುಧಾರಿಸಿದ್ದರೂ ಆಶ್ಚರ್ಯವಿಲ್ಲ ಎಂದಾರು.

ಹಾಲಿನ ಸಕ್ಕರೆಯ ಹೆಸರು ಲ್ಯಾಕ್ಟೋಸ್. ಅದನ್ನು ಒಡೆಯಲು ಸಣ್ಣಕರುಳಿನಲ್ಲಿ ಲ್ಯಾಕ್ಟೇಸ್ ಎಂಬ ಕಿಣ್ವ ಬೇಕು. ತಾಯಿಹಾಲು ಕುಡಿಯುವ ಮರಿಯಲ್ಲಿ ಇದು ಸಾಕಷ್ಟಿರುತ್ತದೆ, ಹಾಲು ಬಿಟ್ಟ ಮೇಲೆ ಕಡಿಮೆಯಾಗುತ್ತ ಹೋಗುತ್ತದೆ. ಒಡೆಯದೆ ಉಳಿದ ಸಕ್ಕರೆ ದೊಡ್ಡಕರುಳಿಗೆ ಇಳಿದು ನೀರನ್ನು ಸೆಳೆದುಕೊಳ್ಳುತ್ತದೆ, ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿ ಗಾಳಿ ತುಂಬುತ್ತವೆ. ಹೊಟ್ಟೆಯುಬ್ಬರ, ಗುಡುಗುಡು, ಭೇದಿ. ಎಲ್ಲ ಬೆಕ್ಕುಗಳಿಗೂ ಒಂದೇ ಪ್ರಮಾಣದಲ್ಲಿ ಹೀಗಾಗುವುದಿಲ್ಲ. ಎರಡು ಚಮಚ ಹಾಲು ಜೀರ್ಣಿಸಿಕೊಳ್ಳುವ ಬೆಕ್ಕು ಅರ್ಧ ಬಟ್ಟಲಿಗೆ ಸೋಲಬಹುದು. ಮೊಸರಿನಲ್ಲಿ ಲ್ಯಾಕ್ಟೋಸಿನ ಒಂದು ಪಾಲನ್ನು ಹೆಪ್ಪಿನ ಬ್ಯಾಕ್ಟೀರಿಯಾಗಳೇ ತಿಂದು ಮುಗಿಸಿರುತ್ತವೆ. ಹಾಗಾಗಿ ಅಜ್ಜಿಯ ಮೊಸರನ್ನ ಮೊದಲ ಮನೆಯ ಹಾಲಿಗಿಂತ ಕಡಿಮೆ ತಂಟೆಯದು.

ಮತ್ತೆ ಹಾಲಿಗೆ ಅಷ್ಟೊಂದು ಆಸೆ ಯಾಕೆ? ಸಿಹಿಗಂತೂ ಅಲ್ಲ. ಸಿಹಿ ಗುರುತಿಸುವ ಗ್ರಾಹಕದ ಎರಡು ವಂಶವಾಹಿಗಳಲ್ಲಿ ಒಂದು ಬೆಕ್ಕಿನ ಕುಲದಲ್ಲೇ ಕೆಟ್ಟು ಕೂತಿದೆ ಎಂಬುದನ್ನು ಅಮೆರಿಕದ ಮೊನೆಲ್ ಕೇಂದ್ರದ ವಿಜ್ಞಾನಿಗಳು 2005ರಲ್ಲಿ ತೋರಿಸಿಕೊಟ್ಟರು. ಪಾಯಸವೂ ಬೆಕ್ಕಿಗೆ ಸಪ್ಪೆ. ಅದಕ್ಕೆ ಬೇಕಿರುವುದು ಹಾಲಿನ ಕೊಬ್ಬು, ಪ್ರೋಟೀನು.

ಬೆಕ್ಕು ಮಾಂಸವಿಲ್ಲದೆ ಬದುಕಲಾರದ ಪ್ರಾಣಿ ಎಂಬುದು ಬರೀ ರುಚಿಯ ಮಾತಲ್ಲ. ಟಾರಿನ್ ಎಂಬ ಅಂಶವನ್ನು ಅದರ ದೇಹ ಬೇಕಾದಷ್ಟು ತಯಾರಿಸಿಕೊಳ್ಳಲಾರದು, ಮಾಂಸದಿಂದಲೇ ಬರಬೇಕು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಪಾಲ್ ಪಿಯಾನ್ ಮತ್ತು ಸಂಗಡಿಗರು 1987ರಲ್ಲಿ, ಹೃದಯ ಹಿಗ್ಗಿ ಸಾಯುತ್ತಿದ್ದ ಬೆಕ್ಕುಗಳ ರಕ್ತದಲ್ಲಿ ಟಾರಿನ್ ತೀರಾ ಕಡಿಮೆ ಇರುವುದನ್ನು ಕಂಡರು. ತಿನ್ನುತ್ತಿದ್ದದ್ದು ಅಂಗಡಿಯ ಸಿದ್ಧ ಆಹಾರವೇ. ಟಾರಿನ್ ಕೊಟ್ಟಾಗ ಹೃದಯ ಸುಧಾರಿಸಿತು, ಕಂಪನಿಗಳು ಆಹಾರದ ಸೂತ್ರವನ್ನೇ ಬದಲಿಸಿದವು. ಎಷ್ಟೋ ವರ್ಷ ಕಾರಣವೇ ತಿಳಿಯದ ಕಾಯಿಲೆಯ ಮೂಲ ತಟ್ಟೆಯಲ್ಲಿತ್ತು. ಹೊಟ್ಟೆಯ ತೊಂದರೆಯಲ್ಲೂ ಮೊದಲ ಹುಡುಕಾಟ ಅಲ್ಲಿಂದಲೇ ಶುರುವಾಗುತ್ತದೆ.

ಮೂರು ವಾರದ ಗಡಿ

ಒಂದು ದಿನ ಕೆಟ್ಟು ಮರುದಿನ ತಾನಾಗಿಯೇ ನೆಟ್ಟಗಾಗುವ ಹೊಟ್ಟೆಯ ಬಗ್ಗೆ ವೈದ್ಯರು ಹೆಚ್ಚು ತಲೆಕೆಡಿಸಿಕೊಳ್ಳುವುದಿಲ್ಲ. ತೊಂದರೆ ಮೂರು ವಾರ ದಾಟಿದರೆ, ಅಥವಾ ಬಿಟ್ಟುಬಿಟ್ಟು ಮರುಕಳಿಸುತ್ತಿದ್ದರೆ ಅದನ್ನು ದೀರ್ಘಕಾಲದ ಕಾಯಿಲೆ ಎಂದು ಎಣಿಸುತ್ತಾರೆ. ಆಗ ಲೆಕ್ಕಾಚಾರವೇ ಬೇರೆ.

ಮೊದಲ ಪ್ರಶ್ನೆ, ಕೆಟ್ಟಿರುವುದು ಎಲ್ಲಿ? ಮಲದ ಪ್ರಮಾಣ ಹೆಚ್ಚಾಗಿ, ಸಲಗಳು ಹೆಚ್ಚಾಗದೆ, ಬೆಕ್ಕು ತೆಳ್ಳಗಾಗುತ್ತಿದ್ದರೆ ಅನುಮಾನ ಸಣ್ಣಕರುಳಿನ ಮೇಲೆ. ಸ್ವಲ್ಪ ಸ್ವಲ್ಪವೇ ಪದೇಪದೇ ಹೋಗುತ್ತ, ತಿಣುಕುತ್ತ, ಲೋಳೆಯೋ ಕೆಂಪು ರಕ್ತದ ಗೆರೆಯೋ ಕಂಡರೆ ದೊಡ್ಡಕರುಳು. ವಾಂತಿಯಲ್ಲೂ ಹೀಗೇ ಒಂದು ಭೇದವಿದೆ. ಹೊಟ್ಟೆ ಹಿಂಡಿ, ಸದ್ದು ಮಾಡಿ ಕಕ್ಕುವುದು ವಾಂತಿ. ಗಬಗಬನೆ ತಿಂದದ್ದು ಒಂದೆರಡು ನಿಮಿಷಕ್ಕೆ ಹಾಗೇ ಜಾರಿ ಹೊರಬಂದರೆ ಅದು ಅನ್ನನಾಳದ ವಿಷಯ, ಅಥವಾ ಬರೀ ಆತುರದ್ದು.

ಇವನ್ನು ಮಾತಿನಲ್ಲಿ ವಿವರಿಸುವುದು ಕಷ್ಟ, ಮುಜುಗರ ಕೂಡ. ಮೊಬೈಲಿನಲ್ಲಿ ತೆಗೆದ ಒಂದು ವಿಡಿಯೊ, ಎರಡು ಫೋಟೊ ವೈದ್ಯರಿಗೆ ಹತ್ತು ನಿಮಿಷದ ವರ್ಣನೆಗಿಂತ ಉಪಯೋಗ.

ಬೀದಿಯ ಊಟದ ಲೆಕ್ಕ

ಬೆಕ್ಕಿನ ಊಟದ ಬಗ್ಗೆ ವೈದ್ಯರು ಕೇಳಿದಾಗ ಪ್ರತಿಯೊಬ್ಬರೂ ನಿಜವನ್ನೇ ಹೇಳುತ್ತಾರೆ, ಆದರೆ ತಮ್ಮ ಮನೆಯ ನಿಜವನ್ನು. 'ಕ್ಯಾಟ್ ಫುಡ್ ಬಿಟ್ಟು ಬೇರೇನೂ ಕೊಡಲ್ಲ ಡಾಕ್ಟ್ರೇ' ಎನ್ನುವ ಮೊದಲ ಮಹಡಿಯವರಿಗೆ ಅಜ್ಜಿಯ ಮೊಸರನ್ನವೂ ಗೊತ್ತಿಲ್ಲ, ಕೋಳಿ ಅಂಗಡಿಯ ಕರುಳೂ ಗೊತ್ತಿಲ್ಲ. ಮನೆಗೆ ಮನೆ ಅಂಟಿಕೊಂಡ ಪಶ್ಚಿಮ ಬೆಂಗಳೂರಿನ ಬಡಾವಣೆಗಳಲ್ಲಿ ಒಂದೇ ಬೆಕ್ಕಿನ ಕಾಯಿಲೆಗೆ ಇಡೀ ಅಡ್ಡರಸ್ತೆಯನ್ನೇ ವಿಚಾರಿಸಬೇಕಾಗುತ್ತದೆ. ಪುಸ್ತಕದ ಪಾಠಗಳು ಬಾಗಿಲು ಮುಚ್ಚಿದ ಮನೆಯೊಳಗೇ ಇರುವ ಬೆಕ್ಕನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಇಲ್ಲಿನ ಬೆಕ್ಕಿಗೆ ಬಾಗಿಲೆಂಬುದು ಹೆಸರಿಗಷ್ಟೆ.

ಹಾಗಾಗಿ ಕೈಗೆತ್ತಿಕೊಳ್ಳಬೇಕಾದ ಮೊದಲ ಸಾಧನ ಒಂದು ನೋಟ್ ಪುಸ್ತಕ. ತಾರೀಕು, ಏನು ತಿಂದಿತು, ಎಲ್ಲಿ ತಿಂದಿತು, ಮಲ ಗಟ್ಟಿಯೋ ಮೆತ್ತಗೋ ನೀರೋ, ವಾಂತಿಯಾಯಿತೇ, ಮಾತ್ರೆ ಬಿತ್ತೇ. ಎರಡು ಮೂರು ವಾರ ಬರೆದರೆ ಸಾಕು, ಕೆಲವು ಸಂಗತಿಗಳು ತಾವಾಗಿಯೇ ಎದ್ದು ಕಾಣುತ್ತವೆ. ಹೊಟ್ಟೆ ಕೆಡುವುದು ಸೋಮವಾರವೇ ಆದರೆ ಭಾನುವಾರದ ಕೋಳಿಯನ್ನು ಕೇಳಬೇಕು. ಹಸಿ ಕೋಳಿಯ ತ್ಯಾಜ್ಯದಲ್ಲಿ ಸಾಲ್ಮೊನೆಲ್ಲಾ, ಕ್ಯಾಂಪೈಲೊಬ್ಯಾಕ್ಟರ್ ಬ್ಯಾಕ್ಟೀರಿಯಾಗಳು ಇರುವುದು ಅಪರೂಪವಲ್ಲ. ಹೊಸ ಪ್ಯಾಕೆಟ್ ಒಡೆದ ವಾರವೇ ಕೆಟ್ಟರೆ ಆಹಾರ ಬದಲಾದ ವೇಗ ಕಾರಣವಿರಬಹುದು. ಒಂದು ಬ್ರ್ಯಾಂಡಿನಿಂದ ಇನ್ನೊಂದಕ್ಕೆ ಹೋಗುವಾಗ ಹಳೆಯದರಲ್ಲಿ ಹೊಸದನ್ನು ಬೆರೆಸುತ್ತ ಏಳರಿಂದ ಹತ್ತು ದಿನ ತೆಗೆದುಕೊಳ್ಳಬೇಕು. ತೆರೆದ ಚೀಲದಿಂದ ಬಿಡಿಯಾಗಿ ತೂಗಿ ಕೊಡುವ ಕ್ಯಾಟ್ ಫುಡ್ಡಿನ ಮೇಲೂ ಒಂದು ಕಣ್ಣಿರಲಿ, ಗಾಳಿ ತಗುಲಿದ ಕೊಬ್ಬು ಮಳೆಗಾಲದಲ್ಲಿ ಬೇಗ ಕಮಟುತ್ತದೆ.

ಇಷ್ಟಾದ ಮೇಲೂ ಸುಳಿವು ಸಿಗದಿದ್ದರೆ ಆಹಾರ ಪರೀಕ್ಷೆ. ಬೆಕ್ಕು ಈವರೆಗೆ ತಿಂದೇ ಇರದ ಒಂದೇ ಬಗೆಯ ಮಾಂಸವನ್ನು ಮಾತ್ರ ಕೊಡುವುದು, ಇಲ್ಲವೇ ಪ್ರೋಟೀನನ್ನು ಸಣ್ಣ ಸಣ್ಣ ತುಂಡಾಗಿ ಒಡೆದು ದೇಹಕ್ಕೆ ಗುರುತು ಸಿಗದಂತೆ ಮಾಡಿದ, ವೈದ್ಯರು ಬರೆದುಕೊಡುವ ವಿಶೇಷ ಆಹಾರ ಕೊಡುವುದು. ಹುಟ್ಟಿದಂದಿನಿಂದ ಕೋಳಿಯಲ್ಲೇ ಬೆಳೆದ ಬೆಕ್ಕಿಗೆ ಕೋಳಿ ಬೇಯಿಸಿ ಹಾಕಿ 'ಪಥ್ಯ' ಎಂದರೆ ಈ ಪರೀಕ್ಷೆಗೆ ಅರ್ಥವಿಲ್ಲ. ಚರ್ಮದ ಅಲರ್ಜಿಗಾದರೆ ಎಂಟು ವಾರ ಕಾಯಬೇಕು. ಹೊಟ್ಟೆಯ ತೊಂದರೆ ಆಹಾರದ್ದೇ ಆಗಿದ್ದರೆ ಎರಡು ಮೂರು ವಾರದಲ್ಲೇ ಸುಧಾರಣೆ ಕಾಣುವುದು ಸಾಮಾನ್ಯ.

ನ್ಯೂಜಿಲೆಂಡಿನ ಗ್ರಾಂಟ್ ಗಿಲ್‌ಫರ್ಡ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಇಂದಿಗೂ ಉಲ್ಲೇಖವಾಗುತ್ತದೆ. ಕಾರಣ ತಿಳಿಯದ, ದೀರ್ಘಕಾಲದ ಹೊಟ್ಟೆ ತೊಂದರೆಯ 55 ಬೆಕ್ಕುಗಳಿಗೆ ಅವರು ಆಹಾರ ಪರೀಕ್ಷೆ ಮಾಡಿದರು. 16 ಬೆಕ್ಕುಗಳಲ್ಲಿ, ಅಂದರೆ ಶೇ 29ರಲ್ಲಿ, ಆಹಾರವೇ ಕಾರಣವೆಂದು ಖಚಿತವಾಯಿತು. ಇನ್ನೂ 11 ಬೆಕ್ಕುಗಳು ಪಥ್ಯದಲ್ಲಿ ಗುಣವಾದವು, ಆದರೆ ಹಳೆಯ ಆಹಾರ ಮತ್ತೆ ಕೊಟ್ಟಾಗ ಅವುಗಳ ಹೊಟ್ಟೆ ಕೆಡಲಿಲ್ಲ. ಈ ಎರಡನೇ ಸಂಖ್ಯೆಯನ್ನು ಓದುಗರು ಗಮನಿಸಬೇಕು. ಪಥ್ಯದಲ್ಲಿ ಗುಣವಾದ ಮಾತ್ರಕ್ಕೆ ಕಾರಣ ಸಿಕ್ಕಿತು ಎಂದಲ್ಲ. ಹಳೆಯ ಆಹಾರವನ್ನು ಒಂದೊಂದಾಗಿ ಹಿಂದಕ್ಕೆ ತಂದು, ಹೊಟ್ಟೆ ಮತ್ತೆ ಕೆಟ್ಟಾಗಲೇ ಅಪರಾಧಿಯ ಹೆಸರು ಬರೆಯಬಹುದು. ಮನೆಯವರು ಈ ಕೊನೆಯ ಹಂತಕ್ಕೆ ಒಪ್ಪುವುದು ಕಡಿಮೆ. ಚೆನ್ನಾಗಿರುವ ಬೆಕ್ಕಿನ ಹೊಟ್ಟೆಯನ್ನು ಬೇಕೆಂದೇ ಕೆಡಿಸಲು ಯಾರಿಗೆ ಮನಸ್ಸು ಬರುತ್ತದೆ?

ಪಕ್ಕದ ಮನೆಯವರ ಒಪ್ಪಿಗೆ ಇಲ್ಲದೆ ಈ ಪರೀಕ್ಷೆ ನಡೆಯುವುದೂ ಇಲ್ಲ. ಮೂರು ವಾರ ಬೆಕ್ಕನ್ನು ಒಳಗೇ ಇರಿಸಿಕೊಳ್ಳಬೇಕು, ಅಥವಾ ಬೀದಿಗೆಲ್ಲ ಹೇಳಿಬರಬೇಕು. ಎಳೆದರೆ ತಾನಾಗಿ ಬಿಚ್ಚಿಕೊಳ್ಳುವ ಕೊರಳಪಟ್ಟಿಗೆ 'ಔಷಧಿ ನಡೀತಿದೆ, ಊಟ ಹಾಕಬೇಡಿ' ಎಂದು ಚೀಟಿ ಕಟ್ಟಿ ಬಿಡುವವರಿದ್ದಾರೆ. ಅಜ್ಜಿಗೆ ಮಾತ್ರ ಖುದ್ದಾಗಿ ಹೋಗಿ ಹೇಳುವುದೇ ಮೇಲು.

ಜಿಯಾರ್ಡಿಯಾ ಎಂದು ತಪ್ಪು ತಿಳಿದ ವರ್ಷಗಳು

ಮಲ ಪರೀಕ್ಷೆಗೆ ಕೊಟ್ಟು 'ಏನೂ ಇಲ್ಲ' ಎಂಬ ವರದಿ ಬಂದರೆ ಹೆಚ್ಚಿನವರು ಆ ಬಾಗಿಲು ಮುಚ್ಚಿಬಿಡುತ್ತಾರೆ. ಒಂದೇ ಸಲದ ಪರೀಕ್ಷೆಯನ್ನು ಅಷ್ಟು ನಂಬುವಂತಿಲ್ಲ. ಜಿಯಾರ್ಡಿಯಾ ಎಂಬ ಏಕಕೋಶ ಜೀವಿ ಇದಕ್ಕೆ ಉದಾಹರಣೆ. 1681ರಲ್ಲಿ ಡಚ್ ಬಟ್ಟೆ ವ್ಯಾಪಾರಿ ಆಂಟನಿ ವಾನ್ ಲೇವನ್‌ಹುಕ್ ಭೇದಿಯಾದಾಗ ತನ್ನದೇ ಮಲವನ್ನು ತಾನೇ ಮಾಡಿದ ಮಸೂರದಡಿ ಇಟ್ಟು ನೋಡಿ ವರ್ಣಿಸಿದ ಜೀವಿ ಇದು. ಇದರ ಕೋಶಗಳು ಮಲದಲ್ಲಿ ಪ್ರತಿದಿನ ಹೊರಬೀಳುವುದಿಲ್ಲ. ಅದಕ್ಕೇ ದಿನ ಬಿಟ್ಟು ದಿನ ಮೂರು ಸ್ಯಾಂಪಲ್ ಕೇಳುತ್ತಾರೆ, ಇಲ್ಲವೇ ಅದರ ಪ್ರೋಟೀನನ್ನು ಪತ್ತೆಹಚ್ಚುವ ಕಿಟ್ ಬಳಸುತ್ತಾರೆ. ಮಾತ್ರೆ ಮುಗಿದ ಮೇಲೂ ಮೈಕೂದಲಿಗೆ ಅಂಟಿಕೊಂಡ ಕೋಶಗಳನ್ನು ಬೆಕ್ಕು ನೆಕ್ಕಿ ಮತ್ತೆ ಒಳಗೆ ಕಳಿಸಿಕೊಳ್ಳುತ್ತದೆ. ಔಷಧಿಯ ಕೊನೆಯ ದಿನ ಹಿಂಭಾಗ ತೊಳೆದು, ಮಲದ ಟ್ರೇ ತೊಳೆದು ಬಿಸಿಲಿಗೆ ಒಣಗಿಸಲು ಹೇಳುವುದು ಇದೇ ಕಾರಣಕ್ಕೆ.

ಜಿಯಾರ್ಡಿಯಾದ ಹೆಸರಿನಲ್ಲಿ ಇನ್ನೊಬ್ಬ ಕಳ್ಳ ವರ್ಷಗಟ್ಟಲೆ ತಪ್ಪಿಸಿಕೊಂಡು ತಿರುಗಿದ ಕಥೆ ಇನ್ನೂ ಸ್ವಾರಸ್ಯದ್ದು. ಅಮೆರಿಕದಲ್ಲಿ, ಮುಖ್ಯವಾಗಿ ತಳಿ ಬೆಕ್ಕುಗಳನ್ನು ಸಾಕುವ ಕಡೆಗಳಲ್ಲಿ, ಮರಿಗಳಿಗೆ ವಾಸನೆ ಹೊಡೆಯುವ, ಕೆಲವೊಮ್ಮೆ ರಕ್ತ ಲೋಳೆ ಬೆರೆತ ಭೇದಿ ಹಿಡಿಯುತ್ತಿತ್ತು. ಆಂಟಿಬಯಾಟಿಕ್ ಕೊಟ್ಟಾಗ ಮಲ ಗಟ್ಟಿಯಾಗುತ್ತಿತ್ತು, ನಿಲ್ಲಿಸಿದೊಡನೆ ಮತ್ತೆ ಭೇದಿ. ಸೂಕ್ಷ್ಮದರ್ಶಕದಲ್ಲಿ ಈಜಾಡುವ ಜೀವಿ ಕಂಡರೆ ಜಿಯಾರ್ಡಿಯಾ ಎಂದೋ, ಹಾನಿಯಿಲ್ಲದ ಇನ್ನೊಂದು ಕರುಳುವಾಸಿ ಎಂದೋ ಬರೆದು ಮುಗಿಸುತ್ತಿದ್ದರು. ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದ ಜೋಡಿ ಗೂಕಿನ್, ಮೈಕೆಲ್ ಲೆವಿ ಮತ್ತು ಸಂಗಡಿಗರು ಆ ಜೀವಿಯನ್ನು ಬೆಳೆಸಿ, ವಂಶವಾಹಿಗಳನ್ನು ಹೋಲಿಸಿ ನೋಡಿದಾಗ, ಅದು ದನಗಳ ವೈದ್ಯರಿಗೆ ಬಹುಕಾಲದಿಂದ ಗೊತ್ತಿದ್ದ ಟ್ರೈಟ್ರೈಕೊಮೊನಾಸ್ ಫೀಟಸ್ ಎಂದು ಗುರುತು ಹತ್ತಿತು. ಹೋರಿಯಿಂದ ಹಸುವಿಗೆ ಹರಡಿ ಗರ್ಭ ಇಳಿಸುವ ಜೀವಿ ಬೆಕ್ಕಿನ ದೊಡ್ಡಕರುಳಿನಲ್ಲಿ! ಬೆಕ್ಕಿನ ಭೇದಿಗೆ ಕಾರಣ ಹಾನಿಯಿಲ್ಲದವನಲ್ಲ, ಇವನೇ ಎಂಬ ಅವರ ಪ್ರಬಂಧ 2003ರಲ್ಲಿ ಬಂತು. ಮರುವರ್ಷದ ವರದಿಯಲ್ಲಿ, ಒಂದು ಅಂತರರಾಷ್ಟ್ರೀಯ ಬೆಕ್ಕಿನ ಪ್ರದರ್ಶನಕ್ಕೆ ಬಂದಿದ್ದ 117 ಬೆಕ್ಕುಗಳಲ್ಲಿ 36ಕ್ಕೆ ಈ ಸೋಂಕಿತ್ತು. ದನದ ಜೀವಿಗೂ ಬೆಕ್ಕಿನದಕ್ಕೂ ವ್ಯತ್ಯಾಸಗಳಿವೆ ಎಂದು ಕಂಡ ಮೇಲೆ ಬೆಕ್ಕಿನದಕ್ಕೆ ಬೇರೆ ಹೆಸರಿಡುವ ಪ್ರಸ್ತಾಪವೂ ಬಂದಿದೆ.

ಸಿಕ್ಕಿಬೀಳದೆ ಇದ್ದುದಕ್ಕೆ ಇನ್ನೊಂದು ಸಣ್ಣ ಕಾರಣವಿತ್ತು. ಮಲದ ಸ್ಯಾಂಪಲನ್ನು ಕೆಡದಿರಲೆಂದು ಫ್ರಿಜ್ಜಿನಲ್ಲಿಡುವುದು ಎಲ್ಲರ ರೂಢಿ. ಈ ಜೀವಿಗೆ ಗಟ್ಟಿ ಕವಚದ ಅವಸ್ಥೆ ಇಲ್ಲ, ತಣ್ಣಗಾದರೆ ಸತ್ತುಹೋಗುತ್ತದೆ, ಸತ್ತರೆ ಸೂಕ್ಷ್ಮದರ್ಶಕದಲ್ಲಿ ಗುರುತೇ ಸಿಗದು. ಇದನ್ನು ಹುಡುಕಬೇಕಿದ್ದರೆ ಆಗಷ್ಟೇ ಬಿದ್ದ, ಬೆಚ್ಚಗಿನ ಮಲ ಬೇಕು, ಇಲ್ಲವೇ ಪಿಸಿಆರ್ ಪರೀಕ್ಷೆ ಬೇಕು. ಇದಕ್ಕೆಂದು ಬಳಸುವ ರೊನಿಡಜೋಲ್ ಔಷಧಿ ಪ್ರಮಾಣ ತಪ್ಪಿದರೆ ನರಗಳಿಗೆ ತೊಂದರೆ ಕೊಡುತ್ತದೆ, ಅಂದಾಜಿನಲ್ಲಿ ಕೊಡುವಂಥದ್ದಲ್ಲ. ಬೆಂಗಳೂರಿನಲ್ಲಿ ಪರ್ಷಿಯನ್ ಮರಿಗಳನ್ನು ತರುವ ಮನೆಗಳು ಹೆಚ್ಚಿವೆ. ಹತ್ತಾರು ಬೆಕ್ಕುಗಳು ಒಂದೇ ಟ್ರೇ ಬಳಸುವ ಕಡೆಯಿಂದ ಬಂದ ಮರಿಗೆ ಭೇದಿ ನಿಲ್ಲುತ್ತಲೇ ಇಲ್ಲವೆಂದರೆ ಈ ಜೀವಿಯ ಹೆಸರನ್ನು ವೈದ್ಯರ ಮುಂದೆ ಎತ್ತಿ ನೋಡುವುದರಲ್ಲಿ ತಪ್ಪಿಲ್ಲ.

ಹುಳು ಮತ್ತು ಚಿಗಟ

'ಡೀವರ್ಮಿಂಗ್ ಆಗಿದೆ' ಎಂಬ ಉತ್ತರವೂ ಪೂರ್ತಿ ಉತ್ತರವಲ್ಲ. ದುಂಡುಹುಳು ತಾಯಿಹಾಲಿನಿಂದಲೇ ಮರಿಗೆ ದಾಟುತ್ತದೆ. ಅದಕ್ಕೇ ಮರಿಗಳಿಗೆ ಮೂರನೇ ವಾರದಿಂದಲೇ, ಎರಡು ವಾರಕ್ಕೊಮ್ಮೆ ಔಷಧಿ ಶುರು ಮಾಡುತ್ತಾರೆ. ದುಂಡುಹುಳುವಿಗೆ ಕೊಡುವ ಪೈರಾಂಟೆಲ್ ಲಾಡಿಹುಳುವಿಗೆ ತಾಗುವುದಿಲ್ಲ, ಅದಕ್ಕೆ ಪ್ರಾಜಿಕ್ವಾಂಟೆಲ್ ಬೇಕು.

ಬಾಲದಡಿಯ ಕೂದಲಿನಲ್ಲಿ ಅಕ್ಕಿಕಾಳಿನಂಥ ಬಿಳಿ ತುಣುಕುಗಳು ಕಂಡರೆ ಅವು ಲಾಡಿಹುಳುವಿನ ಖಂಡಗಳು. ಇದರ ಮರಿ ಬೆಳೆಯುವುದು ಚಿಗಟದ ಹೊಟ್ಟೆಯಲ್ಲಿ. ಮೈ ನೆಕ್ಕುವಾಗ ಬೆಕ್ಕು ಚಿಗಟ ನುಂಗುತ್ತದೆ, ಹುಳು ಒಳಗೆ ಸೇರುತ್ತದೆ. ಚಿಗಟ ಬಿಟ್ಟು ಹುಳುವಿಗೆ ಮಾತ್ರ ಮದ್ದು ಕೊಟ್ಟರೆ ಒಂದೆರಡು ತಿಂಗಳಿಗೆ ಮತ್ತೆ ಅದೇ ಬಿಳಿ ತುಣುಕು. ಚಿಗಟಕ್ಕೆಂದು ನಾಯಿಯ ಪುಡಿ, ದ್ರಾವಣ ತಂದು ಹಚ್ಚುವುದು ಇನ್ನೊಂದು ಅನಾಹುತ. ಅವುಗಳಲ್ಲಿ ಹಲವದರಲ್ಲಿ ಪರ್ಮೆಥ್ರಿನ್ ಇರುತ್ತದೆ, ನಾಯಿಗೆ ಏನೂ ಮಾಡದ ಪ್ರಮಾಣ ಬೆಕ್ಕಿಗೆ ನಡುಕ, ಸೆಳೆತ ತಂದು ಕೊಲ್ಲಬಲ್ಲದು.

ಜಿರಲೆ, ಮಿಡತೆ ಹಿಡಿದು ತಿನ್ನುವ ಬೆಕ್ಕಿನ ಜಠರಕ್ಕೆ ಅಂಟಿಕೊಂಡು ವಾಂತಿ ತರಿಸುವ ಹುಳುವೂ ಇದೆ. ಹಲ್ಲಿ ತಿಂದ ಬೆಕ್ಕಿನ ಪಿತ್ತನಾಳ ಸೇರುವ ಹುಳು ಉಷ್ಣವಲಯದ ದೇಶಗಳಲ್ಲಿ ಕಾಣಸಿಗುತ್ತದೆ. ಬೆಕ್ಕು ಬೇಟೆಯಾಡುತ್ತದೆಯೇ ಎಂದು ವೈದ್ಯರು ಕೇಳುವುದು ಕುತೂಹಲಕ್ಕಲ್ಲ.

ಹೂವಿನ ದಾರ

ಮಾರಿನ ಲೆಕ್ಕದಲ್ಲಿ ಕೊಂಡ ಮಲ್ಲಿಗೆ ದೇವರ ಪಟದಿಂದ ಇಳಿದ ಮೇಲೆ ಬಾಡಿ ಮೂಲೆಯ ಬುಟ್ಟಿ ಸೇರುತ್ತದೆ. ಉಳಿಯುವುದು ದಾರ. ಬೆಕ್ಕಿಗೆ ಅದರಷ್ಟು ಚೆಂದದ ಆಟಿಕೆ ಇನ್ನೊಂದಿಲ್ಲ. ಬೆಕ್ಕಿನ ನಾಲಿಗೆಯ ಮುಳ್ಳುಗಳು ಗಂಟಲ ಕಡೆಗೆ ಬಾಗಿರುತ್ತವೆ, ಬಾಯಿಗೆ ಹೋದ ದಾರವನ್ನು ಉಗುಳುವುದಕ್ಕಿಂತ ನುಂಗುವುದೇ ಸುಲಭ. ದಾರದ ಒಂದು ತುದಿ ನಾಲಿಗೆಯ ಬುಡಕ್ಕೋ ಜಠರದ ಬಾಯಿಗೋ ಸಿಕ್ಕಿಕೊಂಡು, ಉಳಿದದ್ದು ಕರುಳಿಗೆ ಇಳಿದರೆ, ಕರುಳು ತನ್ನ ಚಲನೆಯಲ್ಲಿ ದಾರದ ಮೇಲೆ ನೆರಿಗೆ ನೆರಿಗೆಯಾಗಿ ಸೇರಿಕೊಳ್ಳುತ್ತದೆ. ಎಳೆತ ಹೆಚ್ಚಾದಂತೆ ದಾರ ಕರುಳಿನ ಗೋಡೆಯನ್ನೇ ಕೊಯ್ಯುತ್ತದೆ. ವಾಂತಿ, ಊಟ ಬಿಡುವುದು, ಮೂಲೆಯಲ್ಲಿ ಮುದುಡಿ ಕೂರುವುದು ಲಕ್ಷಣ. ಹೊಲಿಗೆ ನೂಲು, ಆಷಾಢದ ಗಾಳಿಪಟದ ದಾರ, ಮಟನ್ ಕಟ್ಟಿ ತಂದ ಟ್ವೈನು, ಯಾವುದಾದರೂ ಸರಿ.

ಬಾಯಲ್ಲೋ ಗುದದಲ್ಲೋ ದಾರದ ತುದಿ ಕಂಡರೆ ಎಳೆಯಬಾರದು. ಒಳಗಿನ ತುದಿ ಎಲ್ಲಿ ಸಿಕ್ಕಿದೆಯೋ ಗೊತ್ತಿಲ್ಲ. ನೇರ ಆಸ್ಪತ್ರೆ. ನಾಲಿಗೆಯನ್ನು ಎತ್ತಿ ಬುಡ ನೋಡುವುದು ವೈದ್ಯರ ಮೊದಲ ಕೆಲಸ. ಕ್ಷ-ಕಿರಣದಲ್ಲಿ ದಾರ ಕಾಣದಿದ್ದರೂ ನೆರಿಗೆ ಬಿದ್ದ ಕರುಳು ಕಾಣುತ್ತದೆ.

'ಕೂದಲು ಕಕ್ಕುತ್ತೆ, ಅಷ್ಟೇ'

ಬೆಕ್ಕು ವಾಂತಿ ಮಾಡುವುದು ಮಾಮೂಲು ಎಂಬ ನಂಬಿಕೆ ಸಾಕುವವರಲ್ಲಿ ಗಟ್ಟಿಯಾಗಿ ಬೇರೂರಿದೆ. ಉದ್ದ ಕೂದಲಿನ ಬೆಕ್ಕು ಅಪರೂಪಕ್ಕೊಮ್ಮೆ ಕೂದಲುಂಡೆ ಕಕ್ಕಿದರೆ ಸರಿ. ವಾರಕ್ಕೊಮ್ಮೆ ಕಕ್ಕುವುದು ಮಾಮೂಲಲ್ಲ. ಟೆಕ್ಸಾಸಿನ ಗ್ಯಾರಿ ನಾರ್ಸ್‌ವರ್ದಿ ಮತ್ತು ಸಂಗಡಿಗರು 2008ರಿಂದ 2012ರವರೆಗೆ ನೋಡಿದ 100 ಬೆಕ್ಕುಗಳ ವಿವರವನ್ನು 2013ರಲ್ಲಿ ಪ್ರಕಟಿಸಿದರು. ದೀರ್ಘಕಾಲದ ವಾಂತಿ, ಭೇದಿ, ತೂಕ ಇಳಿತದಂಥ ದೂರುಗಳಿದ್ದು, ಸ್ಕ್ಯಾನಿಂಗಿನಲ್ಲಿ ಸಣ್ಣಕರುಳಿನ ಗೋಡೆ ದಪ್ಪವಾಗಿ ಕಂಡಿದ್ದ ಬೆಕ್ಕುಗಳು ಅವು. ಕರುಳಿನ ತುಣುಕು ತೆಗೆದು ಪರೀಕ್ಷಿಸಿದಾಗ 99ರಲ್ಲಿ ರೋಗ ಸಿಕ್ಕಿತು. ಹೆಚ್ಚಿನವು ಒಂದೋ ದೀರ್ಘಕಾಲದ ಉರಿಯೂತ, ಇಲ್ಲವೇ ಲಿಂಫೋಮಾ ಎಂಬ ಕ್ಯಾನ್ಸರ್.

ಈ ಎರಡನ್ನು ಬೇರ್ಪಡಿಸುವುದು ಪರಿಣತರಿಗೂ ಸುಲಭವಲ್ಲ, ಹೊರಗಿನಿಂದ ಎರಡೂ ಒಂದೇ ತರಹ. ನಿಧಾನಗತಿಯ ಲಿಂಫೋಮಾ ಆಗಿದ್ದರೆ ಮಾತ್ರೆಗಳ ಮೇಲೆಯೇ ಎಷ್ಟೋ ಬೆಕ್ಕುಗಳು ಎರಡು ವರ್ಷ, ಅದಕ್ಕೂ ಹೆಚ್ಚು ನೆಮ್ಮದಿಯಾಗಿ ಬದುಕುತ್ತವೆ. ಕ್ಯಾನ್ಸರ್ ಎಂಬ ಹೆಸರು ಕೇಳಿಯೇ ಕೈಚೆಲ್ಲಬೇಕಿಲ್ಲ.

ವಯಸ್ಸು ಇಲ್ಲಿ ದೊಡ್ಡ ಸುಳಿವು. ಮರಿಯಲ್ಲಿ ಹುಳು, ಏಕಕೋಶ ಜೀವಿ, ವೈರಸ್. ನಡುವಯಸ್ಸಿನಲ್ಲಿ ಆಹಾರ, ಉರಿಯೂತ. ಹತ್ತು ದಾಟಿದ ಮೇಲೆ ಕರುಳಿನಾಚೆಗೂ ನೋಡಬೇಕು. ಚೆನ್ನಾಗಿ ತಿಂದೂ ಸೊರಗುವ, ರಾತ್ರಿಯೆಲ್ಲ ಕೂಗಾಡುವ, ಆಗಾಗ ವಾಂತಿ ಭೇದಿ ಮಾಡುವ ಮುದಿ ಬೆಕ್ಕಿನ ಹೊಟ್ಟೆಯಲ್ಲಿ ಏನೂ ಇಲ್ಲದಿರಬಹುದು, ಕಾರಣ ಕುತ್ತಿಗೆಯ ಥೈರಾಯ್ಡ್ ಗ್ರಂಥಿಯಲ್ಲಿರಬಹುದು. 1979ರಲ್ಲಿ ನ್ಯೂಯಾರ್ಕಿನಲ್ಲಿ ಮೊದಲ ಬಾರಿಗೆ ವರದಿಯಾದ ಈ ಕಾಯಿಲೆ ಈಗ ಮುದಿ ಬೆಕ್ಕುಗಳಲ್ಲಿ ತೀರಾ ಸಾಮಾನ್ಯ, ರಕ್ತದ ಒಂದು ಪರೀಕ್ಷೆಯಲ್ಲಿ ಹೆಚ್ಚಿನ ಸಲ ಗೊತ್ತಾಗುತ್ತದೆ. ಮೂತ್ರಪಿಂಡದ ಕಾಯಿಲೆಯೂ ವಾಂತಿಯಾಗಿಯೇ ಕಾಣಿಸಿಕೊಳ್ಳುತ್ತದೆ. ಸಣ್ಣಕರುಳಿನ ಕೊನೆಯ ಭಾಗ ಹಾಳಾಗಿದ್ದರೆ ಬಿ12 ಜೀವಸತ್ವ ಹೀರುವುದು ನಿಲ್ಲುತ್ತದೆ. ಅದನ್ನು ತುಂಬಿಕೊಡದೆ ಬೇರೆ ಮದ್ದೂ ನೆಟ್ಟಗೆ ಹತ್ತುವುದಿಲ್ಲ.

ಹೆಬ್ಬಾಳಕ್ಕೆ ಹೊರಡುವ ಮುನ್ನ

ಬೆಂಗಳೂರಿನ ಪಶುವೈದ್ಯ ಪರಂಪರೆ ಬೆಳೆದದ್ದು ದನಗಳ ಸುತ್ತ. ಹೆಬ್ಬಾಳದಲ್ಲಿ 1925ರಲ್ಲಿ ಮೈಸೂರು ಸೀರಂ ಸಂಸ್ಥೆ ಶುರುವಾದದ್ದು ದನಗಳ ದೊಡ್ಡರೋಗಕ್ಕೆ ಸೀರಂ ತಯಾರಿಸಲು. ಅಲ್ಲೇ 1958ರಲ್ಲಿ ಪಶುವೈದ್ಯಕೀಯ ಕಾಲೇಜು ಬಂತು, ಈಗದು ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಅಡಿಯಲ್ಲಿದೆ. ನಾಯಿ ಬೆಕ್ಕುಗಳ ಸಾಲು ಅದರ ಬೋಧನಾ ಆಸ್ಪತ್ರೆಯ ಮುಂದೆ ಬೆಳೆದದ್ದು ಆಮೇಲಿನ ಮಾತು. ವಿಜಯನಗರ, ಬಸವೇಶ್ವರನಗರ, ರಾಜಾಜಿನಗರದಲ್ಲೂ ಈಗ ಸಾಕುಪ್ರಾಣಿ ಕ್ಲಿನಿಕ್ಕುಗಳಿವೆ. ಮಲ, ರಕ್ತದ ಪರೀಕ್ಷೆಗೆ ಅಷ್ಟು ಸಾಕು.

ಕ್ಲಿನಿಕ್ ಬದಲಿಸಿದಾಗಲೆಲ್ಲ ಹಳೆಯ ಚೀಟಿಗಳು ಮನೆಯಲ್ಲೇ ಉಳಿದುಬಿಡುತ್ತವೆ. ಹೊಸ ವೈದ್ಯರು ಮೊದಲಿನಿಂದ ಶುರು ಮಾಡುತ್ತಾರೆ, ಅದೇ ಮಾತ್ರೆ ಮತ್ತೊಂದು ಸಲ ಬೀಳುತ್ತದೆ. ಮರುಕಳಿಸುವ ಹೊಟ್ಟೆಯ ವಿಷಯದಲ್ಲಿ ಯಾವ ಔಷಧಿಗೆ ಎಷ್ಟು ದಿನ ಗುಣ ಕಂಡಿತು ಎಂಬುದೇ ಒಂದು ಪರೀಕ್ಷಾ ವರದಿ. ನೋಟ್ ಪುಸ್ತಕ, ಹಳೆಯ ಚೀಟಿ, ಆಹಾರದ ಪ್ಯಾಕೆಟ್ಟಿನ ಫೋಟೊ, ಅಂದಿನದೇ ಮಲ ಜೊತೆಗಿರಲಿ. ಮೂರು ವಾರಕ್ಕೊಮ್ಮೆ ತೂಕ ನೋಡಿ ಬರೆದಿಟ್ಟಿದ್ದರೆ ಇನ್ನೂ ಒಳ್ಳೆಯದು. ನಾಲ್ಕು ಕಿಲೋ ಬೆಕ್ಕು ಅರ್ಧ ಕಿಲೋ ಕಳೆದುಕೊಂಡರೆ ಕಣ್ಣಿಗೆ ಕಾಣುವುದಿಲ್ಲ, ತಕ್ಕಡಿಗೆ ಕಾಣುತ್ತದೆ.

ಕಾಯಬಾರದ ಹೊತ್ತು

ಮನುಷ್ಯರ ಪ್ಯಾರಸಿಟಮಾಲ್ ಬೆಕ್ಕಿಗೆ ವಿಷ. ಅದನ್ನು ಕರಗಿಸಿ ಹೊರಹಾಕುವ ಯಕೃತ್ತಿನ ದಾರಿ ಬೆಕ್ಕಿನಲ್ಲಿ ಬಹುಪಾಲು ಇಲ್ಲವೇ ಇಲ್ಲ, ಅರ್ಧ ಮಾತ್ರೆಯೂ ಪ್ರಾಣಕ್ಕೆ ಬರಬಹುದು. ನೆಲ ಒರೆಸುವ ದ್ರಾವಣದಲ್ಲಿ ಫೀನಾಲ್ ಇದ್ದರೆ ಅದೂ ಇದೇ ಪಟ್ಟಿಗೆ ಸೇರುತ್ತದೆ. ಒದ್ದೆ ನೆಲ ತುಳಿದ ಪಾದವನ್ನು ಬೆಕ್ಕು ನೆಕ್ಕುತ್ತದಲ್ಲ. ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಸಾರಿನ ಮಾಂಸ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ.

'ಹೊಟ್ಟೆ ಕೆಟ್ಟಿದೆ, ಎರಡು ದಿನ ಉಪವಾಸ ಹಾಕೋಣ' ಎಂಬ ಉಪಾಯ ಮನುಷ್ಯರಿಗಾಯಿತು. ಎರಡು ಮೂರು ದಿನ ಏನೂ ತಿನ್ನದ ಬೆಕ್ಕಿನ, ಅದರಲ್ಲೂ ದಪ್ಪಗಿರುವ ಬೆಕ್ಕಿನ, ಯಕೃತ್ತಿಗೆ ಕೊಬ್ಬು ತುಂಬಿಕೊಂಡು ಜೀವಕ್ಕೇ ಕುತ್ತಾಗುತ್ತದೆ.

ಗಂಡು ಬೆಕ್ಕು ಟ್ರೇಗೆ ಹೋಗಿ ತಿಣುಕುತ್ತಿದ್ದರೆ ಮಲಬದ್ಧತೆ ಎಂದುಕೊಂಡು ಎಣ್ಣೆ ಕುಡಿಸುವವರಿದ್ದಾರೆ. ಎಷ್ಟೋ ಸಲ ಕಟ್ಟಿರುವುದು ಮೂತ್ರ. ಅದಕ್ಕೆ ಗಂಟೆಗಳ ಗಡುವು.

ಲಸಿಕೆಯಾಗದ ಮರಿ ಒಮ್ಮೆಲೇ ಊಟ ಬಿಟ್ಟು, ವಾಂತಿ ಮಾಡಿ, ನೀರಿನ ಬಟ್ಟಲ ಮುಂದೆ ಕುಡಿಯದೆ ಕೂತರೆ ಅದು ಪ್ಯಾನ್‌ಲ್ಯುಕೊಪೀನಿಯಾ ಎಂಬ ವೈರಸ್ ಕಾಯಿಲೆ ಇರಬಹುದು. 2025ರ ಆರಂಭದಲ್ಲಿ ರಾಯಚೂರಿನಲ್ಲಿ ಬೆಕ್ಕುಗಳು ಸಾಲಾಗಿ ಸತ್ತಾಗ ಪತ್ರಿಕೆಗಳಲ್ಲಿ ಬಂದ ಹೆಸರು ಇದೇ. ಈ ವೈರಸ್ಸು ಮನೆಯ ಮೂಲೆಯಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ, ಮಾಮೂಲು ಸೋಪಿಗೆ ಜಗ್ಗದು, ನೀರು ಬೆರೆಸಿದ ಬ್ಲೀಚಿಗೆ ಸಾಯುತ್ತದೆ. ಎಂಟನೇ ವಾರದ ಹೊತ್ತಿಗೆ ಶುರು ಮಾಡಿ ನಾಲ್ಕು ತಿಂಗಳವರೆಗೆ ಸರಣಿಯಾಗಿ ಹಾಕುವ ಲಸಿಕೆ ಇದನ್ನು ತಡೆಯುತ್ತದೆ.

ಮನೆ ಮುಂದಿನ ಮರಳು

ಗೋವಿಂದರಾಜನಗರ, ಮೂಡಲಪಾಳ್ಯ, ಮಾರೇನಹಳ್ಳಿಯ ಕಡೆ ಹಳೆಯ ಮನೆ ಒಡೆದು ಮೂರು ಮಹಡಿ ಎಬ್ಬಿಸುವ ಕೆಲಸ ನಡೆಯದ ರಸ್ತೆ ಸಿಗುವುದು ಕಷ್ಟ. ರಸ್ತೆಬದಿಗೆ ಸುರಿದ ಮರಳಿನ ರಾಶಿ ಸುತ್ತಲಿನ ಬೆಕ್ಕುಗಳಿಗೆಲ್ಲ ಶೌಚಾಲಯ, ಸಂಜೆ ಮಕ್ಕಳಿಗೆ ಆಟದ ಜಾಗ. ಬೆಕ್ಕಿನ ದುಂಡುಹುಳುವಿನ ಮೊಟ್ಟೆ ಮಲದೊಂದಿಗೆ ಬಿದ್ದ ದಿನವೇ ಸೋಂಕು ತರುವುದಿಲ್ಲ, ಬೆಳೆಯಲು ಎರಡರಿಂದ ನಾಲ್ಕು ವಾರ ಬೇಕು. ಆಮೇಲೆ ಅದು ಮಣ್ಣಿನಲ್ಲಿ ಬಹಳ ಕಾಲ ಉಳಿಯುತ್ತದೆ. ಮರಳಾಡಿ ಕೈತೊಳೆಯದೆ ತಿಂಡಿ ತಿಂದ ಮಗುವಿನ ಹೊಟ್ಟೆ ಸೇರಿದರೆ, ಮರಿಹುಳು ಯಕೃತ್ತು, ಶ್ವಾಸಕೋಶ, ಅಪರೂಪಕ್ಕೆ ಕಣ್ಣಿನವರೆಗೂ ಅಲೆಯಬಹುದು.

ರಾತ್ರಿ ಮರಳಿನ ಮೇಲೆ ಟಾರ್ಪಾಲು ಹೊದಿಸಲು ಮೇಸ್ತ್ರಿಗೆ ಹೇಳಿದರೆ ಅರ್ಧ ಕೆಲಸ ಆದಂತೆ. ಉಳಿದರ್ಧ ಸಾಕಿದವರದು: ತಾರಸಿಯ ನೆರಳಿರುವ ಮೂಲೆಯಲ್ಲಿ ಅಗಲದ ಟ್ರೇಯಲ್ಲಿ ಅದೇ ಮರಳು ಹಾಕಿಟ್ಟು, ದಿನಕ್ಕೊಮ್ಮೆ ತೆಗೆಯುವುದು. ಗರ್ಭಿಣಿಯರಿದ್ದರೆ ಆ ಕೆಲಸ ಮನೆಯ ಇನ್ನೊಬ್ಬರು ಮಾಡಲಿ, ಬೆಕ್ಕಿನ ಮಲದಿಂದ ಹರಡುವ ಟಾಕ್ಸೊಪ್ಲಾಸ್ಮಾ ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ ಮಾಡಬಲ್ಲದು. ಟ್ರೇ ಇದ್ದರೆ ಇನ್ನೊಂದು ಲಾಭವೂ ಇದೆ. ವೈದ್ಯರು ಮೂರು ದಿನದ ಮಲ ತನ್ನಿ ಎಂದಾಗ ಅದು ಯಾವ ಬೆಕ್ಕಿನದು ಎಂಬ ಅನುಮಾನವಿರುವುದಿಲ್ಲ.